ಬಾಯಾರು ಓದಿದ ಕತ್ತಿ

ನಮ್ಮ ಮನೆಗೆ ಮೊದಲ ಸಲ ಬಂದ ದಿನ ಪಕ್ಕದ ಮನೆಯ ಬಾಯಾರು ನೀರು ಕುಡಿದು, ತಂಬಿಗೆಯನ್ನು ಕೆಳಗಿಡುವ ಬದಲು ತಲೆಕೆಳಗು ಮಾಡಿ ಅದರ ತಳ ನೋಡಿದರು. ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ, ತಂಬಿಗೆ ಸರಿಯಾಗಿ ತಿಕ್ಕಿಲ್ಲವೇನೋ ಎಂದು ಗಾಬರಿಯಾದಳು. ಬಾಯಾರು ಕನ್ನಡಕವನ್ನು ಹಣೆಗೇರಿಸಿ, ತಂಬಿಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ಇದು ಈ ಮನೀದಲ್ಲ. ಬೀಳಗಿಯಿಂದ ಬಂದದ. ನಿನ್ನ ತವರೇನವಾ?" ಎಂದರು. ತಳದಲ್ಲಿ ಕೆತ್ತಿದ್ದ ನನ್ನ ಮಾವನ ಹೆಸರೂ ಊರೂ ಅರ್ಧ ಸವೆದು ಹೋಗಿದ್ದವು. ನಾನು ಅಷ್ಟು ದಿನ ಅದೇ ತಂಬಿಗೆಯಲ್ಲಿ ನೀರು ಕುಡಿದಿದ್ದರೂ ಅದರ ಮೇಲೆ ಅಕ್ಷರ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹೆಂಡತಿ ಮಾತ್ರ ಆ ಕ್ಷಣದಿಂದ ಬಾಯಾರ ಪಕ್ಷ ಸೇರಿಬಿಟ್ಟಳು.

ಜಮಖಂಡಿಯ ಕಾಲೇಜಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ನಾನು ರಸಾಯನಶಾಸ್ತ್ರ. ಮನೆಗಳೂ ಅಕ್ಕಪಕ್ಕ, ನಡುವೆ ಒಂದು ಮೋಟುಗೋಡೆ. ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕರೆಯುವಂತೆ ಊರೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿತ್ತು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಮನೆಯೊಳಗೆ ಮರಾಠಿ, ಹೊಸಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ಮದುವೆ ಮಾಡಿಕೊಂಡಿರಲಿಲ್ಲ. ಒಡಹುಟ್ಟಿದವರಿರಲಿಲ್ಲ. ತಂದೆ ತಾಯಿ ಹೋದ ಮೇಲೆ ಪುಣೆಯಲ್ಲಿದ್ದ ಚಿಕ್ಕಪ್ಪನ ಮಕ್ಕಳು ದೀಪಾವಳಿಗೊಮ್ಮೆ ಫೋನು ಮಾಡಿ, ಆರೋಗ್ಯ ಕೇಳಿ, ಇಡುತ್ತಿದ್ದರು.

ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ ಸದಾ ನೇತಾಡುತ್ತಿತ್ತು. ತಾಳಿ ಇರಬೇಕಾದ ಜಾಗದಲ್ಲಿ ಗಾಜು ಕಟ್ಟಿಕೊಂಡಿದ್ದಾರೆ ಎಂದು ಹಿಂದೆ ಆಡಿಕೊಳ್ಳುವವರೂ ಇದ್ದರು. ಅದು ಬಾಯಾರ ಕಿವಿಗೂ ಬಿದ್ದಿತ್ತು. "ಖರೇನ ಅಂತಾರ. ಇದು ಒಂದ ದಿನಾನೂ ನನ್ನ ಮ್ಯಾಲ ಸಿಟ್ಟಾಗಿಲ್ಲ" ಎಂದು ನಕ್ಕಿದ್ದರು.

ತಾಮ್ರ, ಹಿತ್ತಾಳೆ, ಕಬ್ಬಿಣ, ಕಲ್ಲು, ಯಾವುದರ ಮೇಲೆ ಏನು ಬರೆದಿದ್ದರೂ ಓದದೆ ಬಿಡುವವರಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ತಾಟಿಗೆ ಬಡಿಸುವ ಮೊದಲೇ ಅದರ ಅಂಚು ಓದಿ ಮುಗಿದಿರುತ್ತಿತ್ತು. ಒಮ್ಮೆ ನಮ್ಮ ಓಣಿಯ ದೊಡ್ಡ ಮನುಷ್ಯರೊಬ್ಬರ ಮನೆಯ ಗೃಹಪ್ರವೇಶ. ಪಾಯಸದ ಪಾತ್ರೆಯ ಕಂಠ ನೋಡಿ ಬಾಯಾರು ಎಲ್ಲರ ಎದುರಿಗೇ, "ಅಯ್ಯ, ಇದು ಹಿಂದಿನ ಓಣಿ ದೇಸಾಯರ ಮನೀದಲ್ಲೇನು? ಅವರು ಹುಡುಕಿ ಹುಡುಕಿ ಬ್ಯಾಸತ್ತಿದ್ರು" ಎಂದುಬಿಟ್ಟರು. ಯಜಮಾನರ ಮುಖ ಹುಳ್ಳಗಾಯಿತು. ದಾರಿಯಲ್ಲಿ ನಾನು, "ಸುಮ್ಮನ ಇರಬಾರದಿತ್ತೇನ್ರಿ?" ಎಂದರೆ, "ಬರದಿತ್ತು, ಓದಿದೆ. ನಂದೇನು ತಪ್ಪು?" ಎಂದರು. ಇದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು.

ಆದರೆ ಒಂದು ಕತ್ತಿಯನ್ನು ಅವರು ತಪ್ಪಾಗಿ ಓದಿದ್ದರು. ಅದೇ ತಪ್ಪಿನಿಂದ ಅವರಿಗೊಂದು ತವರು ಸಿಕ್ಕಿತ್ತು.

ಮುಧೋಳದಿಂದ ತಿಮ್ಮಾಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯಿದೆ. ಅಲ್ಲಿಯ ಬಾಳಪ್ಪ ಎಂಬವನದು ಕಬ್ಬು ಬೆಳೆಯುವ, ಬೇಟೆನಾಯಿ ಸಾಕುವ ಮನೆತನ. ಅವರ ದೇವರ ಕೋಣೆಯಲ್ಲಿ ಹಿರಿಯರ ಕಾಲದ ಒಂದು ಕತ್ತಿ ಇತ್ತು. ಬೆರಳು ಮುಚ್ಚುವಂತೆ ಬುಟ್ಟಿಯ ಆಕಾರದಲ್ಲಿದ್ದ ಅದರ ಹಿಡಿ ನಮ್ಮ ಕಡೆಯದೇ. ಅಲಗು ಮಾತ್ರ ಬಾಗಿಲ್ಲದೆ ನೆಟ್ಟಗೆ, ನೆಲಕ್ಕೆ ಊರಿದರೆ ಸೊಂಟ ಮುಟ್ಟುವಷ್ಟು ಉದ್ದ. ದಸರೆಯ ಖಂಡೇ ಪೂಜೆಯ ದಿನ ಅದಕ್ಕೆ ಎಣ್ಣೆ ಕುಂಕುಮ ಹಚ್ಚಿ ಪೂಜೆ ಮಾಡುವುದು ಆ ಮನೆಯ ಪದ್ಧತಿ. ಬಾಳಪ್ಪನ ಮಗ ನಮ್ಮ ಕಾಲೇಜಿನಲ್ಲಿ ಓದುತ್ತಿದ್ದಾಗ ಈ ಸುದ್ದಿ ಬಾಯಾರ ಕಿವಿಗೆ ಬಿತ್ತು. ಮುಂದಿನ ಭಾನುವಾರ ನನ್ನ ಸ್ಕೂಟರಿನ ಹಿಂದೆ ಬಾಯಾರು ಕೂತಾಗಿತ್ತು.

ಅಂಥ ನೆಟ್ಟನೆಯ ಅಲಗುಗಳು ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿಯವರು ಅವಕ್ಕೆ ತಮ್ಮ ಹಿಡಿ ಕೂಡಿಸಿಕೊಳ್ಳುತ್ತಿದ್ದರು, ಅದಕ್ಕೇ ಫಿರಂಗಿ ಅನ್ನುತ್ತಾರೆ ಎಂದು ಬಾಯಾರು ನೋಡಿದ ಕೂಡಲೇ ಹೇಳಿದರು. ಅಲ್ಲಿಯವರೆಗೆ ಸರಿಯಾಗಿತ್ತು. ಅಲಗಿನ ನಡುವೆ ಉದ್ದಕ್ಕೆ ಕೊರೆದ ತೋಡಿನಲ್ಲಿ ತಲೆಮಾರುಗಳ ಕುಂಕುಮ ಎಣ್ಣೆಯ ಜೊತೆ ಅರಗಿನಂತೆ ಗಟ್ಟಿಯಾಗಿ ಕೂತಿತ್ತು. ದೇವರ ಕುಂಕುಮ, ಕೆರೆಯುವಂತಿಲ್ಲ. ಹಿಡಿಯ ಸಮೀಪ, ತೋಡಿನಿಂದ ಪಕ್ಕಕ್ಕೆ, ಒಂದು ಗುರುತು ಮಾತ್ರ ಬಯಲಿಗಿತ್ತು. ಬಾಯಾರು ಅದರ ಮೇಲೆ ಅಕ್ಕಿಹಿಟ್ಟು ಉದುರಿಸಿ ಬೆರಳಿನಿಂದ ಸವರಿದರು. ಗೆರೆಗಳು ಬೆಳ್ಳಗೆ ಎದ್ದವು. ನೀಳ ಮೂತಿ, ಒಳಸೇರಿದ ಹೊಟ್ಟೆ, ಚಾಚಿದ ಕಾಲು, ಹಿಂದೆ ಬಾಲ. ಓಡುವ ಪ್ರಾಣಿ. ಅಂಗಳದಲ್ಲಿ ಬಾಳಪ್ಪನ ನಾಯಿ ಅದೇ ಮೂತಿ ಚಾಚಿ ಮಲಗಿತ್ತು. ಮುಧೋಳ ಸೀಮೆಯವರು ಸಣ್ಣ ನಡುವಿನ ನಾಲ್ಕು ಕಾಲಿನ ಪ್ರಾಣಿ ಕಂಡರೆ ಬೇರೇನು ಅಂದಾರು? ಬಾಯಾರೂ ನಾಯಿ ಎಂದೇ ಅಂದರು. ಅಲಗು ಹೊರಗಿನದಾದರೂ ಗುರುತು ಇಲ್ಲಿಯದು, ಅರಸರ ಬೇಟೆನಾಯಿಗಳನ್ನು ಕಾಯುತ್ತಿದ್ದ ಹಿರಿಯನಿಗೆ ನಾಯಿಯ ಗುರುತು ಹೊಡೆಸಿ ಇನಾಮು ಕೊಟ್ಟ ಕತ್ತಿ ಇರಬೇಕು ಎಂದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆದರು.

ಬಾಳಪ್ಪ ಆ ಸಂಚಿಕೆಯನ್ನು ಓಣಿಯಲ್ಲೆಲ್ಲ ಓದಿಸಿದ. ಆ ಗುರುತು ಅವನ ಮನೆಯ ತಲೆಬಾಗಿಲಿಗೆ ಬಂತು, ಟ್ರ್ಯಾಕ್ಟರಿನ ಮೂತಿಗೆ ಬಂತು, ಮಗಳ ಮದುವೆಯ ಆಮಂತ್ರಣದಲ್ಲಿ ಗಣಪತಿಯ ಕೆಳಗೆ ಬಂತು. ಆ ವರ್ಷದ ಶ್ರಾವಣದಲ್ಲಿ, ನಾಗರಪಂಚಮಿಯ ಹಿಂದಿನ ದಿನ, ಅವನ ಜೀಪು ಬಾಯಾರ ಬಾಗಿಲಿಗೆ ಬಂದು ನಿಂತಿತು.

"ಬಾಯಾರ, ನಿಮಗ ಅಣ್ಣತಮ್ಮ ಇಲ್ಲಂತ. ನನಗ ತಂಗಿ ಇಲ್ಲ. ಪಂಚಮಿಗೆ ಕರ್ಯಾಕ ಬಂದೇನಿ, ಏಳ್ರಿ."

ಪಂಚಮಿಗೆ ಅಣ್ಣ ಬಂದು ಕರೆದೊಯ್ಯದಿದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ವರ್ಷ ಹಬ್ಬವೇ ಅಲ್ಲ. ಬಾಯಾರನ್ನು ಕರೆಯಲು ಅಂದಿನವರೆಗೆ ಯಾರೂ ಬಂದಿರಲಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತವರು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಚೀಲವಿತ್ತು, ಕಣ್ಣು ಕೆಂಪಾಗಿದ್ದವು. ಆಮೇಲೆ ಪ್ರತಿ ವರ್ಷ ಆ ಜೀಪು ಬಂತು. ಬಾಯಾರು ಬಾಳಪ್ಪನ ಹೆಂಡತಿ ಗಂಗವ್ವನ ಕೈಯಿಂದ ಬಳೆ ಇಡಿಸಿಕೊಂಡು, ಬೇವಿನ ಮರದ ಜೋಕಾಲಿ ಜೀಕಿ, ಶೇಂಗಾ ಉಂಡಿ, ತಂಬಿಟ್ಟು ಹೊತ್ತುಕೊಂಡು ಬರುತ್ತಿದ್ದರು. ಅದರಲ್ಲಿ ಅರ್ಧ ಪಾಲು ಮೋಟುಗೋಡೆ ದಾಟಿ ನಮ್ಮ ಮನೆಗೆ. "ನಮ್ಮ ತವರಿಂದದ, ತಿನ್ರಿ" ಎನ್ನುವಾಗ ಅವರ ದನಿಯಲ್ಲಿದ್ದ ಗತ್ತು ಅವರು ಪಾಠ ಹೇಳುವಾಗಲೂ ಇರುತ್ತಿರಲಿಲ್ಲ. ನಿವೃತ್ತಿಯಾಗಿ ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಜೋಕಾಲಿ ಬಿಡಲಿಲ್ಲ ಮಹಾತಾಯಿ.

ಈಚೆಗೆ ಒಂದು ವರ್ಷ ಚಿಕ್ಕಪ್ಪನ ಮಕ್ಕಳ ಮನೆಯ ಮುಂಜಿವೆಗೆಂದು ಪುಣೆಗೆ ಹೋದ ಬಾಯಾರು ಅಲ್ಲಿಯ ಒಂದು ವಸ್ತುಸಂಗ್ರಹಾಲಯಕ್ಕೂ ಹೋಗಿ ಬಂದರು. ಬಂದ ದಿನ ಮೋಟುಗೋಡೆಯ ಹತ್ತಿರ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾವೇ ಹೋದೆವು. ಬಾಯಾರು ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದ ಚಿತ್ರಗಳನ್ನು ತೋರಿಸಿದರು. ಬೇರೆ ಬೇರೆ ಊರುಗಳಿಂದ ಬಂದ ನೆಟ್ಟನೆಯ ಕತ್ತಿಗಳು. ಪ್ರತಿಯೊಂದರ ಮೇಲೂ ಅದೇ ನಾಲ್ಕಾರು ಗೆರೆಯ ಓಡುವ ಪ್ರಾಣಿ.

"ತೋಳ ಅದು. ಜರ್ಮನಿ ಕಮ್ಮಾರರು ಹೊಡೀತಿದ್ದ ಗುರುತು. ತೋಳ ಇದ್ರ ಉಕ್ಕು ಛಲೋ ಅಂತ ಗಿರಾಕಿ ನಂಬತಿದ್ರು. ಅದಕ್ಕ ಪಕ್ಕದೂರವರೂ ನಕಲು ಮಾಡಿ ಹೊಡೀತಿದ್ರು. ಮುಧೋಳದ ನಾಯಿ ಅಷ್ಟೆಲ್ಲಾ ಕತ್ತಿ ಮ್ಯಾಲ ಯಾಕ ಓಡತದ, ಹೇಳ್ರಿ?"

"ಬಾಳಪ್ಪಗ ಹೇಳ್ತೀರೇನು?" ಎಂದು ಕೇಳಿದೆ.

"ಮತ್ತ?"

ನಾನು ರಸಾಯನಶಾಸ್ತ್ರದವನು. ಯಾವುದನ್ನು ಯಾವುದಕ್ಕೆ ಸೇರಿಸಿದರೆ ಏನಾಗುತ್ತದೆ ಎಂದು ಮೊದಲೇ ಯೋಚಿಸುವುದು ನನ್ನ ಅಭ್ಯಾಸ. "ಯಾರಿಗೆ ಗೊತ್ತೈತ್ರಿ? ಆ ಸಂಚಿಕಿ ಈಗ ಯಾರ ಮನ್ಯಾಗೂ ಇಲ್ಲ. ಅವರು ಖುಷಿಲೆ ಅದಾರ, ನೀವೂ ಖುಷಿಲೆ ಅದೀರಿ. ಸುಮ್ಮನಿದ್ದುಬಿಡ್ರಿ" ಎಂದೆ.

"ನನಗ ಗೊತ್ತದಲ್ಲ."

"ಪಂಚಮಿಗೆ ಜೀಪು ಬರೂದಿಲ್ಲ ನೋಡ್ರಿ ಮತ್ತ."

ಇಷ್ಟು ಒರಟಾಗಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ಬಾಯಾರು ಭೂತಗನ್ನಡಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತರು. "ಬರಲಿಕ್ಕಿಲ್ಲ" ಎಂದರು. "ಊರ ಮಂದಿ ಪಾತ್ರಿ ಮ್ಯಾಲಿನ ಹೆಸರು ಅವರ ಮಾರಿ ಮುಂದ ಓದಿದಾಕಿ ನಾ. ನನ್ನ ಸರತಿ ಬಂದಾಗ ಕಣ್ಣು ಮುಚ್ಚಲೇನು? ಹಬ್ಬದ ದಿನ ಬ್ಯಾಡ. ಖಾಲಿ ದಿನ ನೋಡಿ ಹೋಗೂಣು."

ನನ್ನ ಹೆಂಡತಿ ಸಿಟ್ಟಿನಿಂದ ನನ್ನನ್ನೇ ನೋಡಿದಳು, ತೋಳವನ್ನು ನಾನೇ ಕೆತ್ತಿದವನಂತೆ.

ಕಬ್ಬಿನ ಹಂಗಾಮಿನಲ್ಲಿ ಹೋದೆವು. ರಸ್ತೆಯ ತುಂಬ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ತೆವಳುವ ಕಬ್ಬಿನ ಟ್ರಾಲಿಗಳು. ನನ್ನ ಹಳೆಯ ಕಾರು ಒಂದನ್ನು ದಾಟಿದರೆ ಇನ್ನೊಂದರ ಹಿಂದೆ. ಬಾಳಪ್ಪನ ಮನೆ ಮುಟ್ಟಿದಾಗ ಗಂಗವ್ವ, "ಹಬ್ಬಿಲ್ಲ ಹುಣ್ಣಿವಿಲ್ಲ, ಇದೇನಬೇ ನಮ್ಮವ್ವ ಬಂದಾಳ!" ಎಂದು ಓಡಿ ಬಂದು ಕೈ ಹಿಡಿದಳು.

ಬಾಯಾರು ಚಹಾಕ್ಕೂ ಕಾಯಲಿಲ್ಲ. "ಮೊದಲ ಕತ್ತಿ ತರ್ರಿ" ಎಂದರು. ತೋಡಿನಲ್ಲಿನ ಕುಂಕುಮ ತೆಗೆಯಬೇಕಾಗಿದೆ, ಏನು ಬರೆದಿದೆಯೋ ಪೂರ್ತಿ ಓದಿಯೇ ಮಾತಾಡುತ್ತೇನೆ ಎಂದಾಗ ಬಾಳಪ್ಪ ಹೆಂಡತಿಯ ಮುಖ ನೋಡಿದ. "ನೀವ ತೆಗೀರಿ. ಬ್ಯಾರೇದಾವ್ರ ಕೈ ಹತ್ತಬಾರದಷ್ಟ" ಎಂದ. ನಾನು ತಂದಿದ್ದ ಸೀಮೆಎಣ್ಣೆಯಲ್ಲಿ ಅರಳೆ ಅದ್ದಿ ಬಾಯಾರು ಮೆಲ್ಲಗೆ ಒತ್ತುತ್ತ ಹೋದರು. ಮೆತ್ತಗಾದದ್ದನ್ನು ಬಿದಿರಿನ ಕಡ್ಡಿಯಿಂದ ಎತ್ತಿ ಎತ್ತಿ ಒಂದು ಎಲೆಯ ಮೇಲೆ ಕೂಡಿಹಾಕಿದರು. ಆ ಎಲೆಯನ್ನು ಗಂಗವ್ವನ ಕೈಗೆ ಕೊಟ್ಟು, "ತುಳಸಿ ಬುಡಕ್ಕ ಹಾಕವಾ" ಎಂದರು. ನಂತರ ಅಕ್ಕಿಹಿಟ್ಟು ಸವರಿದರು. ತೋಡಿನ ಉದ್ದಕ್ಕೂ ರೋಮನ್ ಅಕ್ಷರಗಳು ಒಂದೊಂದಾಗಿ ಎದ್ದವು. ಕೊನೆಗೊಂದು ಗುಂಡು, ಅದರ ಮೇಲೆ ಶಿಲುಬೆ.

"ಮೇ ಫೇಸಿಟ್ ಸೋಲಿಂಗೆನ್" ಎಂದು ಬಾಯಾರು ಓದಿದರು. "ಲ್ಯಾಟಿನ್ ಅದ. ಸೋಲಿಂಗೆನ್ ಅನ್ನೂದು ಜರ್ಮನಿಯೊಳಗ ಒಂದೂರು. 'ಸೋಲಿಂಗೆನ್ ನನ್ನ ಮಾಡ್ಯದ' ಅಂತ ಕತ್ತೀನ ಹೇಳಲಿಕತ್ತದ. ಸೊಸಿ ತಂದ ತಂಬಿಗಿ ಮ್ಯಾಲ ತವರಿನ ಹೆಸರಿರತದಲ್ಲ ಬಾಳಪ್ಪಣ್ಣ, ಹಂಗ ಇದು. ಆ ಪ್ರಾಣಿನೂ ಅದರ ತವರಿಂದ ಬಂದದ. ತೋಳ. ನಾಯಿ ಅಲ್ಲ. ನಿಮ್ಮ ಹಿರ‍್ಯಾರಿಗೆ ಅರಸರು ಕೊಟ್ಟಿದ್ದು ಅನ್ನಲಿಕ್ಕೆ ಇದರ ಮ್ಯಾಲ ಏನೂ ಇಲ್ಲ. ನಾ ತಪ್ಪು ಓದಿದ್ದೆ."

ಬಾಳಪ್ಪ ಕತ್ತಿಯನ್ನೇ ನೋಡುತ್ತ ಕೂತ. ಮಾತಾಡಿದ್ದು ಅವನ ಮಗ, ನಮ್ಮ ಹಳೆಯ ವಿದ್ಯಾರ್ಥಿ. "ಬಾಯಾರ, ನಾಯಿ ಅಂತ ನಾವು ಅಂದಿದ್ವೇನ್ರಿ? ನೀವ ಅಂದ್ರಿ. ನೀವ ಬರದ್ರಿ. ಈಗ ನೀವ ಅಲ್ಲ ಅಂತೀರಿ. ಊರಾಗ ನಾವು ಮಾರಿ ಹೆಂಗ ತೋರಸೂದು?"

"ನನ್ನ ಹೆಸರು ಹೇಳು. ಬಾಯಾರು ತಪ್ಪಿದ್ರು ಅನ್ನು."

"ಅಷ್ಟ ಸಸಾರ ಐತೇನ್ರಿ?"

ಮಗ ಎದ್ದು ಹೊರಗೆ ಹೋದ. ಬಾಳಪ್ಪ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೇವರ ಕೋಣೆಗೆ ಹೋದವನು ತಿರುಗಿ ಬರಲಿಲ್ಲ. ಚಹಾ ಬಂತು, ಕುಡಿದೆವು. ಹೊರಟಾಗ ಗಂಗವ್ವ ಬಾಗಿಲವರೆಗೆ ಬಂದಳು. ಆದರೆ ಕುಂಕುಮದ ಬಟ್ಟಲು ಅವಳ ಕೈಯಲ್ಲಿರಲಿಲ್ಲ. ಅಷ್ಟು ವರ್ಷಗಳಲ್ಲಿ ಬಾಯಾರು ಆ ಮನೆಯಿಂದ ಬರಿ ಹಣೆಯಲ್ಲಿ ಹೊರಟದ್ದು ಅದೊಂದೇ ಸಲ. ಕಾರು ಮುಧೋಳ ದಾಟುವವರೆಗೂ ಅವರು ಸೆರಗಿನಿಂದ ಬೆರಳಿಗಂಟಿದ ಎಣ್ಣೆ ಒರೆಸಿಕೊಳ್ಳುತ್ತಲೇ ಇದ್ದರು.

ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ಬಾಯಾರು ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದರು. ಗಂಗವ್ವನಿಗೆಂದು ಗುಳೇದಗುಡ್ಡದ ಕುಪ್ಪಸದ ಖಣ ತರಿಸಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಡಸಾಲೆಯಲ್ಲಿ ಯಾವುದೋ ಪುಸ್ತಕ ಹಿಡಿದು ಕೂತಿದ್ದರು. ಹಾದಿಯಲ್ಲಿ ಜೀಪಿನ ಸದ್ದಾದರೆ ಪುಟ ತಿರುವುವ ಕೈ ನಿಲ್ಲುತ್ತಿತ್ತು. ನನಗೆ ನೋಡಲಾಗಲಿಲ್ಲ. "ಒಂದ ಫೋನ್ ಮಾಡ್ರಿ. ನೀವು ಮಾಡದಿದ್ರ ನಾ ಮಾಡತೇನಿ" ಎಂದೆ.

"ಬ್ಯಾಡ್ರಿ. ಪಂಚಮಿಗೆ ಕರೀರಿ ಅಂತ ಕೇಳಿಸಿಕೊಂಡು ಹೋದ್ರ ಅದು ತವರಾಗ್ತದೇನು?"

"ಹಿಂಗ ಆಗತದ ಅಂತ ಹೇಳಿದ್ದೆ. ನನ್ನ ಮಾತು ಕೇಳಲಿಲ್ಲ ನೀವು."

"ನೀವು ಹೇಳಿದ್ದು ಖರೇನ ಇತ್ತು. ನಾ ಹೇಳಿದ್ದೂ ಖರೇನ ಇತ್ತು" ಎಂದು ಬಾಯಾರು ಎದ್ದು ದೀಪ ಹಚ್ಚಲು ಒಳಗೆ ಹೋದರು. ಬಾಳಪ್ಪನ ಮೇಲೆ ನನಗೆ ಅಂದು ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ತೋಳಕ್ಕಾಗಿ ಇಂಥ ಹೆಣ್ಣುಮಗಳನ್ನು ಬಿಟ್ಟನಲ್ಲ, ಇವನೇನು ಮನುಷ್ಯನೇ ಎಂದು ಮನೆಯಲ್ಲಿ ಕೂಗಾಡಿದೆ. ದಸರೆ ಬಂತು, ಖಂಡೇ ಪೂಜೆಯೂ ಆಯಿತು. ಕರೆ ಬರಲಿಲ್ಲ. ಬಾಗಿಲ ಹಿಂದಿನ ಚೀಲವನ್ನು ಬಾಯಾರು ತೆಗೆದಿರಲಿಲ್ಲ, ನಾವೂ ಅದರ ಮಾತೆತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು, ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಸಲೈನಿನ ಬಾಟಲಿಯ ಮೇಲಿನ ಅಕ್ಷರವನ್ನೂ ಓದಲು ನೋಡುತ್ತಿದ್ದರು. ಸಂಕ್ರಮಣ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಹೋಗಿಬಿಟ್ಟರು. ಹಳೆಯ ವಿದ್ಯಾರ್ಥಿಗಳು ಸುದ್ದಿಯನ್ನು ಊರೂರಿಗೆ ಮುಟ್ಟಿಸಿದರು. ಪುಣೆಯಿಂದ ಚಿಕ್ಕಪ್ಪನ ಮಗ ಬಂದ.

ನಮ್ಮ ಕಡೆ ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸೀರೆ ತವರಿನಿಂದ ಬರಬೇಕು. ಓಣಿಯ ಮುದುಕಿಯೊಬ್ಬಳು, "ತವರ ಸೀರಿ ಯಾರು ತರ್ತಾರವಾ?" ಎಂದು ಕೇಳಿಯೇಬಿಟ್ಟಳು. ಚಿಕ್ಕಪ್ಪನ ಮಗನಿಗೆ ಅದು ಅರ್ಥವಾಗಲಿಲ್ಲ. ನನ್ನ ಹೆಂಡತಿ ಕಣ್ಣೊರೆಸಿಕೊಂಡು, "ನಾ ಬನಹಟ್ಟಿಗೆ ಹೋಗಿ ತರ್ತೇನಿ" ಎಂದು ಚಪ್ಪಲಿ ಮೆಟ್ಟುತ್ತಿದ್ದಳು. ಆಗ ಜೀಪು ಬಂತು.

ಬಾಳಪ್ಪ ಇಳಿದ. ಅವನ ಹಿಂದೆ ಗಂಗವ್ವ, ಮಗ. ಬಾಳಪ್ಪನ ಒಂದು ಕೈಯಲ್ಲಿ ಹಸಿರು ಸೀರೆ, ಇನ್ನೊಂದರಲ್ಲಿ ಹೊಚ್ಚ ಹೊಸ ಹಿತ್ತಾಳೆ ತಂಬಿಗೆ. ಅವನಿಗೆ ಏನೇನೋ ಅನ್ನಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದೆ. ಆ ಮುಖ ನೋಡಿ ಬಾಗಿಲಿನಿಂದ ಸರಿದು ದಾರಿ ಬಿಟ್ಟೆ. ಅವನು ಯಾರನ್ನೂ ಕೇಳದೆ ಒಳಗೆ ಹೋಗಿ ಸೀರೆ ಹೊದಿಸಿದ. ಗಂಗವ್ವ ಹಣೆಗೆ ಕುಂಕುಮ ಹಚ್ಚಿ, "ಅವತ್ತ ಹಚ್ಚಲಿಲ್ಲಲ್ಲಬೇ ನಾ, ನನ್ನ ಕೈ ಸೇದಿ ಹೋಗಲಿ" ಎಂದು ಗೋಳೋ ಎಂದು ಅತ್ತಳು. ಬಾಳಪ್ಪ ತಂಬಿಗೆಯಲ್ಲಿ ನೀರು ತುಂಬಿ ತಂದು ಬಾಯಾರ ತುಟಿಗೆ ಬಿಟ್ಟ.

"ಬರೂ ಪಂಚಮಿಗೆ ಕರ್ಯಾಕ ಬರಾವಿದ್ದೆ ಸರ" ಎಂದ, ಹೊರಗೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು. "ಮೊದಲ ಸಿಟ್ಟು ಬಂದಿತ್ತು. ಆಮ್ಯಾಲ ನಾಚಿಕಿ ಬಂತು. ಬರಿಗೈಲೆ ಹೆಂಗ ಬರಲಿ ಅಂತ ಈ ತಂಬಿಗಿ ಮಾಡಿಸಿದ್ದೆ. ಇದರಾಗ ಕುಡೀಬೇಕಾದಾಕಿ ಕಣ್ಣ ತೆಗೀಲಿಲ್ಲ."

ತಂಬಿಗೆ ನಮ್ಮಿಬ್ಬರ ನಡುವೆ ಇತ್ತು. ಉಳಿದಿದ್ದ ನೀರನ್ನು ತುಳಸಿಗೆ ಚೆಲ್ಲಿ, ಬಾಯಾರು ಮಾಡುತ್ತಿದ್ದಂತೆ ತಲೆಕೆಳಗು ಮಾಡಿ ಬೆಳಕಿಗೆ ಓರೆಯಾಗಿ ಹಿಡಿದೆ. ತಳದಲ್ಲಿ ಹೊಸ ಅಕ್ಷರಗಳಿದ್ದವು. 'ತಂಗಿಗೆ, ತವರಿನಿಂದ.' ಕೆಳಗೆ ಆ ಹಳ್ಳಿಯ ಹೆಸರು. ಪಕ್ಕದಲ್ಲಿ ನಾಲ್ಕಾರು ಗೆರೆಯಲ್ಲಿ ಓಡುವ ಒಂದು ಪ್ರಾಣಿ. ಅದರ ಸುತ್ತ ಮಾತ್ರ ಹಿತ್ತಾಳೆಗೆ ಅರ ಹಾಕಿ ಉಜ್ಜಿದ ಗುರುತಿತ್ತು. ಅಷ್ಟು ಹೊತ್ತು ತಡೆದುಕೊಂಡಿದ್ದ ನನಗೆ ಅಕ್ಷರಗಳು ಮಂಜಾದವು.

"ಇದು ನಾಯೇನು ಬಾಳಪ್ಪ?" ಎಂದೆ.

"ಅಲ್ರಿ ಸರ, ತೋಳ. ಕೆತ್ತಾವ ಮೊದಲ ನಾಯಿ ತೆಗದಿದ್ದ. ಅರ ಹಾಕಿ ಅಳಿಸಿ ಮತ್ತ ತೆಗಸೇನಿ. ನನ್ನ ತಂಗಿ ತಿರುವಿ ಓದತಾಳಲ್ರಿ. ತಪ್ಪಿದ್ರ ಸುಮ್ಮನ ಬಿಡತಾಳೇನು?"